ಮೊದಲ ವರ್ಷದ ಸೆಮಿನಾರು ಮೂರನೆಯ ವರ್ಷವನ್ನು ಮುಟ್ಟಲಿ: ಪದವಿ ಕಾಲೇಜಿನ ಉಪನ್ಯಾಸಕರಿಗೊಂದು ಮಾರ್ಗದರ್ಶಿ

ಮೊದಲ ಸೆಮಿಸ್ಟರಿನ ಸೆಮಿನಾರು ಹೇಗೆ ನಡೆಯುತ್ತದೆ ಎಂಬುದು ನಮ್ಮ ಪದವಿ ಕಾಲೇಜುಗಳಲ್ಲಿ ಪಾಠ ಮಾಡುವ ಎಲ್ಲರಿಗೂ ಗೊತ್ತು. ಹಾಜರಿ ಪುಸ್ತಕದ ಕ್ರಮದಲ್ಲಿ ವಿಷಯ ಹಂಚುತ್ತೇವೆ: ‘ಹೊಯ್ಸಳರ ಕೊಡುಗೆಗಳು’, ‘ಜಲಮಾಲಿನ್ಯ’, ‘ಜಿಎಸ್‌ಟಿ’. ವಿದ್ಯಾರ್ಥಿ ಮೊಬೈಲಿನಲ್ಲಿ ಸಿಕ್ಕಿದ್ದನ್ನು ಎರಡು ಹಾಳೆಗೆ ಇಳಿಸಿಕೊಂಡು ಬಂದು ತಲೆ ಎತ್ತದೆ ಓದುತ್ತಾನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇವೆ. ಹಾಳೆ ಬೀರು ಸೇರುತ್ತದೆ. ಎರಡು ವರ್ಷ ಕಳೆದು ಅದೇ ವಿದ್ಯಾರ್ಥಿ ಆರನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವರದಿ ಹಿಡಿದು ಎದುರು ಕೂರುತ್ತಾನೆ. ಈ ಅಂಕಿ ಎಲ್ಲಿಂದ ಬಂತು ಎಂದು ಕೇಳಿದರೆ ‘ನೆಟ್‌ನಲ್ಲಿ ಇತ್ತು ಸರ್’ ಎನ್ನುತ್ತಾನೆ. ನಮಗೆ ಕೋಪ ಬರುತ್ತದೆ. ಆದರೆ ಅಂಕಿಯ ಮೂಲವನ್ನು ಹುಡುಕುವುದು ಹೇಗೆ ಎಂದು ನಾವು ಅವನಿಗೆ ಯಾವ ಸೆಮಿಸ್ಟರಿನಲ್ಲಿ ಹೇಳಿಕೊಟ್ಟಿದ್ದೆವು?

ನಾನು ಇತಿಹಾಸದ ಉಪನ್ಯಾಸಕ. ಇಂಥ ಸೆಮಿನಾರುಗಳನ್ನು ಹಲವು ವರ್ಷ ನಾನೂ ಹೀಗೆಯೇ ನಡೆಸಿದ್ದೇನೆ. ಮೊದಲ ವರ್ಷದಲ್ಲಿ ಕಲಿತದ್ದನ್ನು ಮೂರನೆಯ ಸೆಮಿಸ್ಟರಿನ ಅಧ್ಯಾಪಕರು ಕೈಗೆತ್ತಿಕೊಳ್ಳದಿದ್ದರೆ ಆ ಕಲಿಕೆ ಸತ್ತುಹೋಗುತ್ತದೆ ಎಂದು ನನಗೆ ಅರಿವಾದದ್ದು ತಡವಾಗಿ. ಸೆಮಿನಾರನ್ನು ಎಷ್ಟೇ ಚೆನ್ನಾಗಿ ನಡೆಸಿದರೂ ಅದು ಮುಂದಿನ ಪತ್ರಿಕೆಗಳಿಗೆ, ಅಂದರೆ ಮೇಲಿನ ಸೆಮಿಸ್ಟರುಗಳ ಪಾಠವಿಷಯಗಳಿಗೆ, ಕೊಂಡಿ ಹಾಕಿಕೊಳ್ಳದಿದ್ದರೆ ಹೆಚ್ಚಿನ ಪ್ರಯೋಜನವಿಲ್ಲ. ಆ ಕೊಂಡಿ ಹಾಕುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡ ಸಾಮಾನ್ಯ ಪದವಿ ಕಾಲೇಜುಗಳೇ ನನ್ನ ಮನಸ್ಸಿನಲ್ಲಿವೆ. ತಮ್ಮ ಪಠ್ಯಕ್ರಮವನ್ನು ತಾವೇ ರೂಪಿಸಿಕೊಳ್ಳುವ ಸ್ವಾಯತ್ತ ಕಾಲೇಜಿನವರಿಗೆ ಕೆಲವು ಹೆಜ್ಜೆಗಳು ಇನ್ನೂ ಸುಲಭವಾಗುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷದ ಸೆಮಿನಾರು ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ದೊಡ್ಡ ಪರಂಪರೆಯೇ ಬೆಳೆದಿದೆ. ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯವು 1970ರ ವಿದ್ಯಾರ್ಥಿ ಗಲಭೆಗಳನ್ನು ಕಂಡ ಮೇಲೆ, ಹೊಸ ವಿದ್ಯಾರ್ಥಿಗಳಿಗೂ ಸಂಸ್ಥೆಗೂ ನಡುವೆ ನಂಟು ಬೆಳೆಯಲಿ ಎಂದು 1972ರಲ್ಲಿ ‘ಯೂನಿವರ್ಸಿಟಿ 101’ ಎಂಬ ತರಗತಿಯನ್ನು ಆರಂಭಿಸಿತು. ನಮ್ಮಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ‘ದೀಕ್ಷಾರಂಭ್’ ಎಂಬ ಮಾರ್ಗಸೂಚಿ ಹೊರತಂದಿತು. ಅದು ಮೊದಲ ದಿನಗಳ ಪರಿಚಯ ಕಾರ್ಯಕ್ರಮ. ಹೊಸಬರನ್ನು ಬರಮಾಡಿಕೊಳ್ಳಲು ಅದು ಬೇಕು, ಆದರೆ ನಾನು ಇಲ್ಲಿ ಹೇಳುತ್ತಿರುವುದು ಆ ಸ್ವಾಗತ ಮುಗಿದ ಮೇಲಿನ ಕೆಲಸ.

ಹೆಜ್ಜೆ 1: ಆರು ಸೆಮಿಸ್ಟರುಗಳ ಪಠ್ಯಕ್ರಮವನ್ನು ಒಂದೇ ಮೇಜಿನ ಮೇಲೆ ಹರಡಿ

ನಮ್ಮಲ್ಲಿ ಬಹಳ ಮಂದಿ ತಾವು ಪಾಠ ಮಾಡುವ ಪತ್ರಿಕೆಯ ಪಠ್ಯಕ್ರಮವನ್ನು ಮಾತ್ರ ಓದಿರುತ್ತಾರೆ. ಪಕ್ಕದ ಕುರ್ಚಿಯವರು ಐದನೆಯ ಸೆಮಿಸ್ಟರಿನಲ್ಲಿ ಏನು ಹೇಳುತ್ತಾರೆ ಎಂಬುದು ಗೊತ್ತಿರುವುದಿಲ್ಲ. ಆದ್ದರಿಂದ ಮೊದಲು ನಿಮ್ಮ ವಿಭಾಗದ ಆರೂ ಸೆಮಿಸ್ಟರುಗಳ ಪಠ್ಯಕ್ರಮವನ್ನು ಮುದ್ರಿಸಿಕೊಳ್ಳಿ. ಮೊಬೈಲಿನ ಪರದೆಯಲ್ಲಿ ಈ ಕೆಲಸ ಆಗುವುದಿಲ್ಲ, ಕಾಗದವೇ ಬೇಕು. ಕೆಂಪು ಪೆನ್ನು ಹಿಡಿದು ಒಂದೇ ಪ್ರಶ್ನೆ ಕೇಳುತ್ತ ಹೋಗಿ: ಇದನ್ನು ಮಾಡಲು ವಿದ್ಯಾರ್ಥಿಗೆ ಮೊದಲೇ ಏನು ಬಂದಿರಬೇಕು?

ಇತಿಹಾಸದಲ್ಲಿ ನಾವು ಹೀಗೆ ಮಾಡಿದಾಗ ನಾಲ್ಕು ಸಂಗತಿಗಳು ಮತ್ತೆ ಮತ್ತೆ ಎದುರಾದವು. ಒಂದು ಮೂಲ ಆಕರವನ್ನು ಓದಿ ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಗುರುತಿಸುವುದು. ನಕ್ಷೆಯನ್ನು ಓದುವುದು. ಇಬ್ಬರು ಲೇಖಕರು ಒಂದೇ ಘಟನೆಯನ್ನು ಬೇರೆ ಬೇರೆಯಾಗಿ ಹೇಳಿದಾಗ ಇಬ್ಬರನ್ನೂ ತೂಗುವುದು. ಎಲ್ಲಿಂದ ತೆಗೆದುಕೊಂಡೆ ಎಂದು ಅಡಿಟಿಪ್ಪಣಿಯಲ್ಲಿ ಬರೆಯುವುದು. ಈ ನಾಲ್ಕೂ ಬರುತ್ತವೆ ಎಂದು ಮೇಲಿನ ತರಗತಿಯ ಪ್ರತಿ ಪತ್ರಿಕೆಯೂ ನಂಬಿಕೊಂಡಿತ್ತು. ಆದರೆ ಅವನ್ನು ಕಲಿಸಬೇಕು ಎಂದು ಯಾವ ಪತ್ರಿಕೆಯಲ್ಲೂ ಬರೆದಿರಲಿಲ್ಲ. ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ತಮ್ಮ ಪಟ್ಟಿ ಮಾಡಿದಾಗ ‘ಅಳತೆಯಲ್ಲಿ ತಪ್ಪು ಎಷ್ಟಿರಬಹುದು ಎಂದು ಹೇಳುವುದು’ ಎಂಬುದೇ ಮೇಲೆ ಬಂತು.

ನಿಮ್ಮ ಪಟ್ಟಿಯೂ ನಾಲ್ಕೈದು ಸಾಲು ಮೀರದಿರಲಿ. ಮೊದಲ ವರ್ಷದ ಸೆಮಿನಾರಿನ ಗುರಿ ಈ ಪಟ್ಟಿಯೇ. ವಿಷಯದ ಆಯ್ಕೆ ಆಮೇಲೆ.

ಹೆಜ್ಜೆ 2: ನಿಮ್ಮ ಕೈಯಲ್ಲಿರುವ ಜಾಗ ಯಾವುದು ಎಂದು ಗುರುತಿಸಿ

ಸಂಯೋಜಿತ ಕಾಲೇಜಿನ ಉಪನ್ಯಾಸಕರಿಗೆ ಪಠ್ಯಕ್ರಮವನ್ನು ಬದಲಿಸುವ ಅಧಿಕಾರವಿಲ್ಲ. ಅದನ್ನು ರೂಪಿಸುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ, ಒಪ್ಪುವುದು ವಿದ್ಯಾವಿಷಯಕ ಪರಿಷತ್ತು. ಹಾಗಾಗಿ ಹೊಸ ಪತ್ರಿಕೆ ಬೇಕು ಎಂದು ಅರ್ಜಿ ಬರೆದು ಕೂತರೆ ವರ್ಷಗಳು ಉರುಳುತ್ತವೆ. ನಮ್ಮ ಕೈಯಲ್ಲಿರುವುದು ಆಂತರಿಕ ಮೌಲ್ಯಮಾಪನ, ಅಂದರೆ ಕಾಲೇಜಿನಲ್ಲೇ ಕೊಡುವ ಅಂಕ. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಲ್ಲಿ ಬಂದ ಪಠ್ಯಕ್ರಮದಲ್ಲಿ ನೂರಕ್ಕೆ 40 ಅಂಕ ಆಂತರಿಕವಾಗಿತ್ತು. 2024-25ರಿಂದ ರಾಜ್ಯವು ಮೂರು ವರ್ಷದ ಪದವಿಗೆ ಮರಳಿದ ಮೇಲೆ ಆ ಪಾಲು ಕಿರಿದಾಗಿದೆ. ಕಿರಿದಾದರೂ ಇದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ಸೆಮಿನಾರು, ಅಸೈನ್‌ಮೆಂಟ್, ಕಿರುಪರೀಕ್ಷೆಗಳಿಗೆ ಎಷ್ಟೆಷ್ಟು ಎಂದು ನೋಡಿ, ಸೆಮಿನಾರು ಮತ್ತು ಅಸೈನ್‌ಮೆಂಟನ್ನು ಒಂದೇ ಕೆಲಸದ ಎರಡು ಭಾಗಗಳಾಗಿ ಜೋಡಿಸಿ. ವಿದ್ಯಾರ್ಥಿಗೆ ಹೊರೆಯೂ ಹೆಚ್ಚುವುದಿಲ್ಲ, ನಿಯಮವೂ ಮುರಿಯುವುದಿಲ್ಲ.

ಐದು ವರ್ಷದೊಳಗೆ ಪದವಿಯ ಚೌಕಟ್ಟು ಎರಡು ಬಾರಿ ಬದಲಾದದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಗದ್ದಲದಲ್ಲಿಯೂ ಅಲುಗದೆ ಉಳಿದದ್ದು ಒಂದೇ ಕಾಲೇಜಿನ ಉಪನ್ಯಾಸಕರು ತಮ್ಮತಮ್ಮಲ್ಲಿ ಮಾಡಿಕೊಂಡ ಏರ್ಪಾಟುಗಳು. ಆದೇಶ ಬಂದ ಮೇಲೆ ನೋಡೋಣ ಎಂದು ಕಾಯಬೇಡಿ ಎಂದು ನಾನು ಒತ್ತಿ ಹೇಳುವುದು ಅದಕ್ಕಾಗಿ.

ಹೆಜ್ಜೆ 3: ಇಡೀ ತರಗತಿಗೆ ಒಂದೇ ವಸ್ತು, ಗುಂಪಿಗೊಂದು ಪ್ರಶ್ನೆ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ತೊಂಬತ್ತು ವಿದ್ಯಾರ್ಥಿಗಳಿಗೆ ತೊಂಬತ್ತು ವಿಷಯ ಹಂಚಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಬೇಕಾಗುವುದಿಲ್ಲ. ಒಂದೇ ವಸ್ತುವನ್ನು ಇಟ್ಟುಕೊಂಡರೆ ಎಲ್ಲರ ಮಾತೂ ಎಲ್ಲರಿಗೂ ಬೇಕಾಗುತ್ತದೆ. ಆ ವಸ್ತು ವಿದ್ಯಾರ್ಥಿಗಳು ಬಸ್ಸಿನಲ್ಲಿ ಬರುವಾಗ ಕಾಣುವಂಥದ್ದಾಗಿರಲಿ. ನಾವು ಆರಿಸಿಕೊಂಡದ್ದು ಊರ ಕೆರೆಯನ್ನು. ನಮ್ಮ ಬಯಲುಸೀಮೆಯಲ್ಲಿ ಕೆರೆಯಿಲ್ಲದ ಊರು ಕಡಿಮೆ, ಪಠ್ಯಕ್ರಮದಲ್ಲಿ ಕೆರೆ ಮುಟ್ಟದ ವಿಭಾಗವೂ ಕಡಿಮೆ. ಕರಾವಳಿಯ ಕಾಲೇಜಿಗೆ ಮೀನುಗಾರಿಕೆ ಬಂದರು ಆಗಬಹುದು, ಮಲೆನಾಡಿಗೆ ಅಡಿಕೆ ತೋಟ, ದೊಡ್ಡ ಪಟ್ಟಣಕ್ಕೆ ಎಪಿಎಂಸಿ ಮಾರುಕಟ್ಟೆ.

ಕೆರೆಯನ್ನೇ ಹಿಡಿದು ನೋಡೋಣ. ‘ಕೆರೆಗಳ ಮಹತ್ವ’ ಎಂಬ ಶೀರ್ಷಿಕೆ ಕೊಟ್ಟರೆ ಮತ್ತೆ ಆ ಎರಡು ಹಾಳೆಗಳೇ ಬರುತ್ತವೆ. ಶೀರ್ಷಿಕೆ ಬೇಡ, ಹೊರಗೆ ಹೋಗಿ ಅಥವಾ ಗ್ರಂಥಾಲಯದಲ್ಲಿ ಕೂತು ನೋಡದೆ ಉತ್ತರ ಸಿಗದಂಥ ಪ್ರಶ್ನೆ ಕೊಡಿ.

ಇತಿಹಾಸದ ಗುಂಪಿಗೆ: ಈ ತಾಲ್ಲೂಕಿನ ಶಾಸನಗಳಲ್ಲಿ ಕೆರೆಯ ಹೆಸರು ಎಷ್ಟು ಕಡೆ ಬರುತ್ತದೆ, ಕಟ್ಟಿಸಿದವರು ಯಾರು, ಅದನ್ನು ನೋಡಿಕೊಳ್ಳಲು ಏನು ಬಿಟ್ಟುಕೊಟ್ಟರು? ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಇದಕ್ಕೆಂದೇ ಮಾಡಿಟ್ಟಂತಿವೆ. ಶಾಸನತಜ್ಞ ಬಿ. ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ ಜಿಲ್ಲೆವಾರು ಹೊರತಂದ ಈ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಜೋಡಿಸಲ್ಪಟ್ಟಿವೆ. ಕೋಲಾರದ್ದು ಹತ್ತನೆಯ ಸಂಪುಟ, 1905ರದ್ದು. ಮೂಲಪಾಠವನ್ನು ಪೂರ್ತಿ ಓದಲು ಬಾರದಿದ್ದರೂ ಇಂಗ್ಲಿಷ್ ಅನುವಾದ ಅದರಲ್ಲೇ ಇರುತ್ತದೆ. ತಮ್ಮ ಪಕ್ಕದ ಹಳ್ಳಿಯ ಹೆಸರು ಅಲ್ಲಿ ಅಚ್ಚಾಗಿರುವುದನ್ನು ಕಂಡಾಗ ಹದಿನೆಂಟರ ಹುಡುಗಿಯ ಮುಖ ಹೇಗಾಗುತ್ತದೆ ಎಂಬುದನ್ನು ನೀವೇ ನೋಡಬೇಕು. ‘ಬಿತ್ತುವಟ್ಟ’ ಎಂದರೆ ಕೆರೆಗೆಂದು ಬಿಟ್ಟ ದತ್ತಿ ಎಂದು ಒಮ್ಮೆ ಗೊತ್ತಾದರೆ ಮಧ್ಯಕಾಲದ ಭೂಕಂದಾಯದ ಪಾಠ ಮುಂದೆ ಅವಳಿಗೆ ಹೊಸದಾಗಿ ಕಾಣುವುದಿಲ್ಲ. ಚುರುಕಾದ ಗುಂಪಿಗೆ ಪೋರುಮಾಮಿಳ್ಳದ 1369ರ ಶಾಸನವನ್ನು ಕೊಡಿ. ಅದಿರುವುದು ಇಂದಿನ ಆಂಧ್ರದ ಕಡಪ ಜಿಲ್ಲೆಯಲ್ಲಿ, ಆದರೆ ವಿಜಯನಗರದ ಕಾಲದ್ದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಆ ಪಟ್ಟಿಯನ್ನು ಹಿಡಿದುಕೊಂಡು ತಮ್ಮೂರ ಕೆರೆಯ ಏರಿಯ ಮೇಲೆ ನಡೆದು ಯಾವುದಿದೆ, ಯಾವುದಿಲ್ಲ ಎಂದು ಗುರುತು ಹಾಕಿಕೊಂಡು ಬರಲಿ.

ರಸಾಯನಶಾಸ್ತ್ರದ ಗುಂಪಿಗೆ: ಕೆರೆಯ ನೀರು, ಅಚ್ಚುಕಟ್ಟಿನ (ಕೆರೆಯ ನೀರುಣ್ಣುವ ಜಮೀನಿನ) ತೆರೆದ ಬಾವಿಯ ನೀರು, ಊರಿನ ಕೊಳವೆಬಾವಿಯ ನೀರು ಇವು ಮೂರರ ಗಡಸುತನ ಎಷ್ಟೆಷ್ಟು, ವ್ಯತ್ಯಾಸ ಯಾಕೆ? ಗಡಸುತನ ಅಳೆಯುವ ಇಡಿಟಿಎ ಟೈಟ್ರೇಶನ್ನು ಹೇಗೂ ಪ್ರಯೋಗಾಲಯದಲ್ಲಿ ಮಾಡಿಸುತ್ತೀರಿ, ಬಾಟಲಿಯ ನೀರನ್ನು ವಿದ್ಯಾರ್ಥಿಯೇ ತಂದರೆ ಆಯಿತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಾಗ 600. ಫ್ಲೋರೈಡಿಗೆ ಕ್ರಮವಾಗಿ 1 ಮತ್ತು 1.5. ಬಯಲುಸೀಮೆಯ ಮಕ್ಕಳಿಗೆ ಫ್ಲೋರೈಡ್ ಎಂಬುದು ಹಲ್ಲಿನ ಕಂದು ಕಲೆಯಾಗಿ ಗೊತ್ತಿರುವ ಸಂಗತಿ. ಕೋಲಾರದ ಕಾಲೇಜುಗಳಿಗೆ ಇನ್ನೂ ಒಂದು ಪ್ರಶ್ನೆ ಕಾದಿದೆ: ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಅಲ್ಲಿನ ಕೆರೆಗಳಿಗೆ ಬರುತ್ತಿದೆ. ಆ ನೀರು ಬಂದ ಕೆರೆಗೂ ಬಾರದ ಕೆರೆಗೂ ಏನು ವ್ಯತ್ಯಾಸ?

ವಾಣಿಜ್ಯದವರಿಗೆ: ಮೀನು ಸಾಕಣೆಯ ಗುತ್ತಿಗೆ ಯಾರಿಗೆ, ಎಷ್ಟಕ್ಕೆ ಹೋಗಿದೆ, ಆ ಹಣ ಯಾವ ಲೆಕ್ಕಕ್ಕೆ ಜಮೆಯಾಗುತ್ತದೆ? ರಾಜ್ಯಶಾಸ್ತ್ರದವರಿಗೆ: ಈ ಕೆರೆ ಯಾರದು? ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಪಂಚಾಯತ್ ವ್ಯವಸ್ಥೆಯ ಕಡೆ, ಅದಕ್ಕಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯ ಕಡೆ ಬರುವುದು ರೂಢಿ. ಆದರೆ ಕಡತದಲ್ಲಿ ಏನಿದೆ ಎಂದು ತಿಳಿಯಲು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿಸಿ, ಮೂವತ್ತು ದಿನ ಎಣಿಸಲಿ. ಆ ಗಡುವು ಸೆಮಿಸ್ಟರಿನೊಳಗೇ ಮುಗಿಯುತ್ತದೆ. ಗಣಿತದವರಿಗೆ: ಗ್ರಾಮ ನಕಾಶೆಯಲ್ಲಿ ಕೆರೆಯ ವಿಸ್ತೀರ್ಣವನ್ನು ಚೌಕಗಳನ್ನು ಎಣಿಸಿ ಅಂದಾಜು ಮಾಡಿ ಎಂದು ಕೊಟ್ಟರೆ, ಮೇಲಿನ ತರಗತಿಯಲ್ಲಿ ಸಂಖ್ಯಾತ್ಮಕ ಅನುಕಲನದ ಸೂತ್ರಗಳು ಬಂದಾಗ ಅವೆಲ್ಲ ಈ ಚೌಕಗಳ ಮುಂದುವರಿಕೆ ಎಂದು ತಾನಾಗಿ ಹೊಳೆಯುತ್ತದೆ. ಸಸ್ಯಶಾಸ್ತ್ರದವರು ಕೆರೆಯಂಗಳಕ್ಕೆ ನುಗ್ಗಿರುವ ಬಳ್ಳಾರಿ ಜಾಲಿಯನ್ನು ನೋಡಲಿ. ಕನ್ನಡದವರಿಗೆ ಕೆರೆಗೆ ಸೊಸೆಯನ್ನು ಬಲಿಕೊಟ್ಟ ಜನಪದ ಕಥನಗೀತೆ ಇದ್ದೇ ಇದೆ. ನಿಮ್ಮೂರಿನಲ್ಲಿ ಅಂಥ ಕಥೆ ಹೇಳುತ್ತಾರೆಯೇ, ಹೇಳುವವರು ಯಾರು ಎಂದು ಕೇಳಿ ಬರಲಿ.

ಪ್ರಶ್ನೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ. ಅದನ್ನು ನಾನೇ ಮೊಬೈಲಿನಲ್ಲಿ ಟೈಪಿಸುತ್ತೇನೆ. ಹತ್ತು ನಿಮಿಷದಲ್ಲಿ ಪೂರ್ಣ ಉತ್ತರ ಸಿಕ್ಕರೆ ಆ ಪ್ರಶ್ನೆಯನ್ನು ಕೈಬಿಡುತ್ತೇನೆ.

ಹೆಜ್ಜೆ 4: ಪಕ್ಕದ ವಿಭಾಗದವರೊಂದಿಗೆ ಒಂದು ಪುಟದ ಒಪ್ಪಂದ

ಪ್ರಾಂಶುಪಾಲರಿಗೆ ಒಂದು ಮಾತು ತಿಳಿಸಿ, ಸೆಮಿಸ್ಟರ್ ಆರಂಭವಾಗುವ ಮೊದಲು ಸಂಬಂಧಪಟ್ಟ ಉಪನ್ಯಾಸಕರು ಒಂದು ಗಂಟೆ ಕೂರಬೇಕು. ದೊಡ್ಡ ಸಭೆ ಬೇಡ, ಸ್ಟಾಫ್ ರೂಮಿನ ಚಹಾ ಸಮಯ ಸಾಕು. ಅಲ್ಲಿ ಎರಡು ಸಾಲು ಬರೆದಿಡಿ. ಮೊದಲನೆಯದು: ‘ಮೊದಲ ವರ್ಷ ಮುಗಿದಾಗ ಪ್ರತಿ ವಿದ್ಯಾರ್ಥಿಯೂ ಇಷ್ಟನ್ನು ಮಾಡಬಲ್ಲ.’ ಎರಡನೆಯದು: ‘ಮೂರನೆಯ ಸೆಮಿಸ್ಟರಿನ ಇಂಥ ಪತ್ರಿಕೆಯ ಇಂಥ ಘಟಕದಲ್ಲಿ ನಾನು ಅದನ್ನು ಬಳಸುತ್ತೇನೆ.’ ಎರಡನೆಯ ಸಾಲಿಗೆ ಆ ಪತ್ರಿಕೆಯವರು ಸಹಿ ಹಾಕಲಿ. ಸಹಿ ಎಂದರೆ ಕೆಲವರು ಹಿಂಜರಿಯುತ್ತಾರೆ. ಆದರೆ ಬಾಯಿಮಾತಿನ ಒಪ್ಪಂದ ಎರಡನೆಯ ಕಿರುಪರೀಕ್ಷೆಯ ಹೊತ್ತಿಗೆ ಮರೆತುಹೋಗಿರುತ್ತದೆ. ಹಾಗೆ ಮರೆತು ಒಂದು ವರ್ಷದ ಶ್ರಮವನ್ನು ನಾವು ಕಳೆದುಕೊಂಡಿದ್ದೇವೆ.

ಈ ಕೆಲಸಕ್ಕೆ ನಡುಗಂಬ ಯಾರು ಎಂದು ಕೇಳಿದರೆ ನಾನು ಕನ್ನಡ ಉಪನ್ಯಾಸಕರ ಕಡೆ ಕೈ ತೋರಿಸುತ್ತೇನೆ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಎಲ್ಲ ತರಗತಿಗಳ ಬಾಗಿಲನ್ನೂ ದಾಟುವವರು ಭಾಷಾ ಅಧ್ಯಾಪಕರು. ವಿಜ್ಞಾನದ ವಿದ್ಯಾರ್ಥಿ ಏನು ಬರೆಯುತ್ತಾನೆ, ವಾಣಿಜ್ಯದವಳು ಎಲ್ಲಿ ತಡವರಿಸುತ್ತಾಳೆ ಎಂದು ಒಟ್ಟಿಗೆ ಬಲ್ಲವರು ಅವರು. ಟಿಪ್ಪಣಿ ಮಾಡಿಕೊಳ್ಳುವುದು, ಸಂಗ್ರಹಿಸಿ ಬರೆಯುವುದು, ಸಂದರ್ಶನ ಮಾಡುವುದು ಇವನ್ನು ಭಾಷಾ ತರಗತಿಯಲ್ಲೇ ಕೆರೆಯನ್ನು ಇಟ್ಟುಕೊಂಡು ಹೇಳಿಕೊಟ್ಟರೆ ಉಳಿದ ವಿಭಾಗಗಳ ಅರ್ಧ ಹೊರೆ ಇಳಿಯುತ್ತದೆ. ಭಾಷೆಯ ತರಗತಿ ಎಂದರೆ ಬರೀ ಪದ್ಯದ ಸಾರಾಂಶ ಎಂದುಕೊಂಡಿರುವ ಇತರ ವಿಭಾಗದವರಿಗೆ ಇದು ಕಣ್ಣು ತೆರೆಸುವ ಅನುಭವ.

ಹೆಜ್ಜೆ 5: ವಾರಗಳ ಲೆಕ್ಕ

ಮೊದಲ ಎರಡು ವಾರ ಪ್ರಶ್ನೆಗೆ ಮೀಸಲು. ಐದು ಜನರ ಗುಂಪುಗಳನ್ನು ಮಾಡಿ. ಒಂದೇ ಊರಿನವರನ್ನು ಒಂದೇ ಗುಂಪಿಗೆ ಹಾಕಿದರೆ ಸಂಜೆ ಸೇರಲು ಅನುಕೂಲ. ಎರಡು ಗಂಟೆಯ ಬಸ್ಸು ತಪ್ಪಿದರೆ ಮನೆ ಸೇರುವುದು ಕತ್ತಲಾದ ಮೇಲೆ ಎನ್ನುವ ಮಕ್ಕಳು ನಮ್ಮಲ್ಲಿ ಬಹಳ. ತರಗತಿ ಮುಗಿದ ಮೇಲೆ ಉಳಿದು ಕೆಲಸ ಮಾಡಿ ಎನ್ನುವ ಯೋಜನೆ ಅವರನ್ನು ಹೊರಗಿಡುತ್ತದೆ.

ಮೂರು, ನಾಲ್ಕನೆಯ ವಾರ ಗ್ರಂಥಾಲಯ. ಗ್ರಂಥಪಾಲಕರಿಗೆ ಮೊದಲೇ ಹೇಳಿ ಗೆಜೆಟಿಯರ್, ಶಾಸನ ಸಂಪುಟ, 2011ರ ಜಿಲ್ಲಾ ಜನಗಣತಿ ಕೈಪಿಡಿ ಇವನ್ನು ಒಂದು ಮೇಜಿನ ಮೇಲೆ ತೆಗೆದಿಡಿಸಿ. ಜನಗಣತಿ ಕೈಪಿಡಿಯ ಗ್ರಾಮವಾರು ಪಟ್ಟಿಯಲ್ಲಿ ಕೆರೆಯಿಂದ ನೀರಾವರಿಯಾಗುವ ಭೂಮಿ ಎಷ್ಟು, ಬಾವಿಯಿಂದ ಎಷ್ಟು ಎಂಬ ಅಂಕಿಗಳಿವೆ. ಕಾಲೇಜಿಗೆ ಎನ್-ಲಿಸ್ಟ್ (ಕಾಲೇಜುಗಳಿಗಾಗಿ ಇರುವ ಇ-ಪುಸ್ತಕ, ಇ-ನಿಯತಕಾಲಿಕಗಳ ಜಾಲತಾಣ) ಚಂದಾ ಇದ್ದರೆ ಲಾಗಿನ್ ಮಾಡುವುದನ್ನು ಈ ವಾರವೇ ಕಲಿಸಿ. ಚಂದಾ ಕಟ್ಟಿಯೂ ಯಾರೂ ತೆರೆಯದ ಕಾಲೇಜುಗಳನ್ನು ಕಂಡು ನನಗೆ ಸಂಕಟವಾಗಿದೆ. ‘ಶೋಧಗಂಗಾ’ದಲ್ಲಿ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ, ನಮ್ಮ ಜಿಲ್ಲೆಯ ಕೆರೆಗಳ ಮೇಲೆ ಯಾರಾದರೂ ಬರೆದಿದ್ದಾರೆಯೇ ಎಂದು ಹುಡುಕಿಸಿ.

ಐದನೆಯ ವಾರ ಕೆರೆಗೆ ಭೇಟಿ. ಪ್ರಾಂಶುಪಾಲರ ಲಿಖಿತ ಅನುಮತಿ, ಜೊತೆಗೆ ಇಬ್ಬರು ಅಧ್ಯಾಪಕರು, ಅವರಲ್ಲಿ ಒಬ್ಬರು ಮಹಿಳೆ. ಯಾರೂ ನೀರಿಗೆ ಇಳಿಯಕೂಡದು, ಹೂಳಿನ ಮೇಲೆ ಕಾಲಿಡಕೂಡದು. ನೀರಿನ ಮಾದರಿಯನ್ನು ದಡದಿಂದಲೇ ಉದ್ದ ಕೋಲಿಗೆ ಕಟ್ಟಿದ ಬಾಟಲಿಯಲ್ಲಿ ತೆಗೆಯಲಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡುವುದನ್ನು ಕಲಿಸಿದರೆ, ಕೆರೆಯಂಗಳ ಎಲ್ಲಿಗೆ ಮುಗಿಯಬೇಕಿತ್ತು, ಈಗ ಎಲ್ಲಿಗೆ ಮುಗಿದಿದೆ ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುತ್ತಾರೆ. ಊರಿನಲ್ಲಿ ಕೆರೆಯ ನೀರು ಹಂಚುವ ನೀರಗಂಟಿ ಇನ್ನೂ ಇದ್ದರೆ ಅವರನ್ನು ಕರೆದು ಮಾತನಾಡಿಸಿ. ತೂಬು, ಕೋಡಿ, ಏರಿ ಎಂಬ ಮಾತುಗಳು ಅವರ ಬಾಯಿಂದ ಬಂದರೆ ಮಕ್ಕಳು ಮರೆಯುವುದಿಲ್ಲ.

ಬರವಣಿಗೆಗೆ ಮೂರು ವಾರ. ಆಮೇಲೆ ಮಾತು. ತೊಂಬತ್ತು ಮಕ್ಕಳಿದ್ದರೆ ಹದಿನೆಂಟು ಗುಂಪು. ಒಂದು ಪೀರಿಯಡ್ಡಿಗೆ ಎರಡು ಗುಂಪು ಎಂದರೆ ಒಂಬತ್ತು ಪೀರಿಯಡ್. ಐದು ವಾರದಲ್ಲಿ ಆರಾಮವಾಗಿ ಮುಗಿಯುತ್ತದೆ. ತರಗತಿ ದೊಡ್ಡದು, ಸೆಮಿನಾರು ಸಾಧ್ಯವಿಲ್ಲ ಎನ್ನುವವರಿಗೆ ಈ ಲೆಕ್ಕವನ್ನು ತೋರಿಸಿ.

ಹೆಜ್ಜೆ 6: ಯೋಚನೆ ಕನ್ನಡದಲ್ಲಿ ಆಗಲಿ

ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎಸ್ಸಿ. ಇಲ್ಲವೇ ಬಿ.ಕಾಂ.ಗೆ ಬಂದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಮೌನವಾಗಿಬಿಡುತ್ತಾರೆ. ಅವರಿಗೆ ತಿಳಿಯದ್ದು ವಿಷಯವಲ್ಲ, ವಿಷಯದ ಇಂಗ್ಲಿಷ್. ಸೆಮಿನಾರನ್ನೂ ಇಂಗ್ಲಿಷಿನಲ್ಲೇ ಮಾಡಬೇಕು ಎಂದು ಹಟ ಹಿಡಿದರೆ ಆ ಮಗು ಅಂತರ್ಜಾಲದಿಂದ ನಕಲು ಮಾಡದೆ ಇನ್ನೇನು ಮಾಡೀತು? ನಕಲಿಗೆ ಅವರನ್ನು ದೂಡುತ್ತಿರುವವರು ಎಷ್ಟೋ ಸಲ ನಾವೇ.

ನನ್ನ ಸಲಹೆ ಇದು. ಪ್ರತಿ ವಿದ್ಯಾರ್ಥಿಯೂ ಇನ್ನೂರು ಪುಟದ ಒಂದು ನೋಟ್ ಪುಸ್ತಕ ಇಡಲಿ. ಎಡಪುಟದಲ್ಲಿ ತನ್ನ ಮಾತಿನಲ್ಲಿ ಕನ್ನಡದಲ್ಲಿ, ಬಲಪುಟದಲ್ಲಿ ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಪದಗಳು ಮತ್ತು ವಾಕ್ಯಗಳು. ಮಾತು ಕನ್ನಡದಲ್ಲಿ ಆಗಬಹುದು, ಕೊನೆಯ ಒಂದು ನಿಮಿಷ ಇಂಗ್ಲಿಷಿನಲ್ಲಿ ಸಾರ ಹೇಳಲಿ. ಬಲಪುಟ ತುಂಬುತ್ತ ಹೋದಂತೆ ಆ ಒಂದು ನಿಮಿಷ ಮೂರನೆಯ ಸೆಮಿಸ್ಟರಿಗೆ ಐದು ನಿಮಿಷವಾಗುತ್ತದೆ. ಮುಂದಿನ ಪತ್ರಿಕೆಗಳಿಗೆ ಹಾಕುವ ಕೊಂಡಿಗಳಲ್ಲಿ ಇದೂ ಒಂದು, ಹಾಗಾಗಿ ಇದನ್ನು ಕೂಡ ನಾಲ್ಕನೆಯ ಹೆಜ್ಜೆಯ ಒಪ್ಪಂದದಲ್ಲಿ ಬರೆದಿಡಿ.

ಹೆಜ್ಜೆ 7: ಅಂಕ ಯಾವುದಕ್ಕೆ

ಮಕ್ಕಳು ಅಂಕ ಇರುವ ಕಡೆ ದುಡಿಯುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಹತ್ತು ಅಂಕವಿದ್ದರೆ ನಾನು ಹೀಗೆ ಹಂಚುತ್ತೇನೆ: ನೋಟ್ ಪುಸ್ತಕಕ್ಕೆ ನಾಲ್ಕು, ಪ್ರಶ್ನೆಯನ್ನು ತಿದ್ದಿ ಚೂಪು ಮಾಡಿಕೊಂಡದ್ದಕ್ಕೆ ಎರಡು, ಮಾತಿಗೆ ಎರಡು, ಬೇರೆ ಗುಂಪಿಗೆ ಕೇಳಿದ ಒಳ್ಳೆಯ ಪ್ರಶ್ನೆಗೆ ಎರಡು. ವೇದಿಕೆಯಲ್ಲಿ ನಿರರ್ಗಳವಾಗಿ ಮಾತನಾಡುವವರಿಗೆ ಎಲ್ಲವೂ ಹೋಗುವ ಪದ್ಧತಿ ಇದರಿಂದ ನಿಲ್ಲುತ್ತದೆ. ಮೂಲವನ್ನು ಹೇಳದ ಅಂಕಿಗೆ ಶೂನ್ಯ. ‘ಸಿಗಲಿಲ್ಲ, ಇಲ್ಲೆಲ್ಲ ಹುಡುಕಿದೆ’ ಎಂದು ಬರೆದವರಿಗೆ ಅಂಕ ಉಂಟು.

ಹೆಜ್ಜೆ 8: ನೋಟ್ ಪುಸ್ತಕ ಮೇಲಿನ ತರಗತಿಗೆ ಹೋಗಬೇಕು

ಇಲ್ಲಿಯವರೆಗೆ ಮಾಡಿದ್ದೆಲ್ಲ ಈ ಒಂದು ಹೆಜ್ಜೆಯ ಮೇಲೆ ನಿಂತಿದೆ. ಸೆಮಿಸ್ಟರ್ ಮುಗಿದಾಗ ನೋಟ್ ಪುಸ್ತಕಗಳನ್ನು ನೋಂದಣಿ ಸಂಖ್ಯೆಯ ಕ್ರಮದಲ್ಲಿ ವಿಭಾಗದ ಪೆಟ್ಟಿಗೆಯಲ್ಲಿಡಿ. ಮೂರನೆಯ ಸೆಮಿಸ್ಟರಿನ ಮೊದಲ ವಾರ, ಒಪ್ಪಂದಕ್ಕೆ ಸಹಿ ಹಾಕಿದ ಉಪನ್ಯಾಸಕರು ಅವನ್ನು ತರಗತಿಗೆ ಹೊತ್ತು ತಂದು ಹಂಚಬೇಕು. ಮೊದಲ ಅಸೈನ್‌ಮೆಂಟ್ ಹೀಗಿರಲಿ: ‘ಒಂದು ವರ್ಷದ ಹಿಂದೆ ನೀವು ಬರೆದ ಒಂದು ಪುಟವನ್ನು ಆರಿಸಿ. ಈಗ ಕಲಿತಿರುವುದನ್ನು ಬಳಸಿ ಅದನ್ನು ಮತ್ತೆ ಬರೆಯಿರಿ. ಏನು ಬದಲಾಯಿತು, ಯಾಕೆ ಎಂದು ತಿಳಿಸಿ.’ ಅರ್ಥಶಾಸ್ತ್ರದವರಿಗೆ ಅಂಕಿಸಂಖ್ಯೆಯ ಪಾಠ ಆ ಹೊತ್ತಿಗೆ ಆಗಿದ್ದರೆ ಜನಗಣತಿಯ ಹಳೆಯ ಅಂಕಿಗಳಿಗೆ ಸರಾಸರಿ, ಶೇಕಡಾವಾರು, ರೇಖಾಚಿತ್ರ ಹಾಕುತ್ತಾರೆ. ರಸಾಯನಶಾಸ್ತ್ರದವರು ಮಳೆಗಾಲದ ನೀರಿಗೂ ಬೇಸಿಗೆಯ ನೀರಿಗೂ ಹೋಲಿಕೆ ಮಾಡಬಹುದು.

ಐದು, ಆರನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಬಂದಾಗ ಅದೇ ಪುಸ್ತಕ ಮೂರನೆಯ ಬಾರಿ ತೆರೆಯುತ್ತದೆ. ಎಲ್ಲರೂ ಕೆರೆಯ ಮೇಲೆಯೇ ಪ್ರಾಜೆಕ್ಟ್ ಮಾಡಬೇಕಿಲ್ಲ. ಪ್ರಶ್ನೆ ಹಾಕಿಕೊಳ್ಳುವುದು, ಮೂಲ ಹುಡುಕುವುದು, ಅಳೆಯುವುದು ಆ ಹೊತ್ತಿಗೆ ಕೈಗೆ ಪಳಗಿರುತ್ತದೆ. ಎರಡನೆಯ ಸುತ್ತು ಮುಗಿಯುವ ವರ್ಷ ಒಬ್ಬ ವಿದ್ಯಾರ್ಥಿನಿ ತನ್ನ ಹಳೆಯ ಪುಟದ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ‘ಇದು ತಪ್ಪು, ಆಗ ನನಗೆ ಗೊತ್ತಿರಲಿಲ್ಲ’ ಎಂದು ಬರೆದು, ಪಕ್ಕದಲ್ಲಿ ಸರಿಯಾದ ಮೂಲವನ್ನು ನಮೂದಿಸಿದ್ದಳು. ನನ್ನ ಅಧ್ಯಾಪನದಲ್ಲಿ ಅಷ್ಟು ಸಂತೋಷ ಕೊಟ್ಟ ವಾಕ್ಯಗಳು ಹೆಚ್ಚಿಲ್ಲ.

ಪೆಟ್ಟಿಗೆ ವಿಭಾಗದ್ದಾಗಿರಲಿ, ವ್ಯಕ್ತಿಯದ್ದಲ್ಲ. ನಮ್ಮ ಸರ್ಕಾರಿ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರಿಂದ ನಡೆಯುತ್ತಿವೆ, ಈ ವರ್ಷ ಇದ್ದವರು ಮುಂದಿನ ವರ್ಷ ಇರುತ್ತಾರೆ ಎಂಬ ಖಾತರಿಯಿಲ್ಲ. ಕಾಯಂ ನೌಕರರಿಗೆ ವರ್ಗಾವಣೆ ಬರುತ್ತದೆ. ಒಪ್ಪಂದದ ಪುಟ, ಪ್ರಶ್ನೆಗಳ ಪಟ್ಟಿ, ಅಂಕದ ಹಂಚಿಕೆ ಈ ಮೂರನ್ನೂ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಹೊಸದಾಗಿ ಬಂದವರು ಅದನ್ನು ಓದಿಯೇ ಕೆಲಸ ಮುಂದುವರಿಸುವಂತಿರಬೇಕು. ಅತಿಥಿ ಉಪನ್ಯಾಸಕರನ್ನು ಮೊದಲ ದಿನದಿಂದಲೇ ಯೋಜನೆಯೊಳಗೆ ಕರೆದುಕೊಳ್ಳಿ, ಒಪ್ಪಂದದಲ್ಲಿ ಅವರ ಹೆಸರೂ ಇರಲಿ. ಮಕ್ಕಳೊಂದಿಗೆ ಹೆಚ್ಚು ಹೊತ್ತು ಇರುವವರು ಅವರು.

ಹೆಜ್ಜೆ 9: ವಿಶ್ವವಿದ್ಯಾಲಯದ ಬಾಗಿಲು

ಎರಡು ವರ್ಷ ನಡೆಸಿದ ಮೇಲೆ ಅಧ್ಯಯನ ಮಂಡಳಿಗೆ ಹೋಗಿ. ಅದರಲ್ಲಿ ನಮ್ಮಂಥ ಕಾಲೇಜುಗಳ ಉಪನ್ಯಾಸಕರೂ ಸದಸ್ಯರಾಗಿರುತ್ತಾರೆ, ಯಾರೆಂದು ವಿಚಾರಿಸಿ. ಪಠ್ಯಕ್ರಮ ಪರಿಷ್ಕರಣೆಯ ಕಾರ್ಯಾಗಾರ ಕರೆದಾಗ ಭಾಷಣ ಸಿದ್ಧಪಡಿಸಿಕೊಂಡು ಹೋಗಬೇಡಿ, ಎರಡು ನೋಟ್ ಪುಸ್ತಕ ಹಿಡಿದುಕೊಂಡು ಹೋಗಿ. ಒಬ್ಬನೇ ವಿದ್ಯಾರ್ಥಿಯ ಮೊದಲ ಸೆಮಿಸ್ಟರಿನ ಪುಟ, ಮೂರನೆಯ ಸೆಮಿಸ್ಟರಿನ ಪುಟ ಅಕ್ಕಪಕ್ಕ ಇಡಿ. ಕೇಳಬೇಕಾದದ್ದು ಚಿಕ್ಕದು: ಮೂರನೆಯ ಸೆಮಿಸ್ಟರಿನ ಪತ್ರಿಕೆಯ ಪ್ರಾಯೋಗಿಕ ಚಟುವಟಿಕೆಗಳ ಪಟ್ಟಿಯಲ್ಲಿ ‘ಮೊದಲ ವರ್ಷದ ಸೆಮಿನಾರಿನ ಮುಂದುವರಿಕೆ’ ಎಂದು ಒಂದು ಸಾಲು. ಹೊಸ ಪತ್ರಿಕೆ ಕೇಳಿದರೆ ಕಾರ್ಯಭಾರದ ಪ್ರಶ್ನೆ ಬರುತ್ತದೆ, ಒಂದು ವಿಭಾಗಕ್ಕೆ ಗಂಟೆ ಹೆಚ್ಚಿದರೆ ಇನ್ನೊಂದಕ್ಕೆ ಕಡಿಮೆಯಾಗುತ್ತದೆ, ಜಗಳ ಹುಟ್ಟುತ್ತದೆ. ಒಂದು ಸಾಲಿಗೆ ಯಾರೂ ಜಗಳವಾಡುವುದಿಲ್ಲ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕೆ ಇದೆಲ್ಲ ಒಳ್ಳೆಯ ದಾಖಲೆಯಾಗುತ್ತದೆ ಎಂಬುದು ನಿಜ. ಆದರೆ ಛಾಯಾಚಿತ್ರಕ್ಕಾಗಿ ಕೆರೆಗೆ ಹೋದರೆ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ, ಮುಂದಿನ ವರ್ಷ ನೀವು ಎಷ್ಟು ಕರೆದರೂ ಅವರು ಮನಸ್ಸು ಕೊಡುವುದಿಲ್ಲ. ಮೊದಲು ಕೆಲಸ ಆಗಲಿ, ಕಡತ ಆಮೇಲೆ.

ಪಾಠ ಶುರುವಾಗಲು ಇನ್ನೂ ಎರಡು ವಾರವಿದ್ದರೆ ಇಂದೇ ಮಾಡಬಹುದಾದ ಕೆಲಸ ಎರಡಿವೆ. ಆರು ಸೆಮಿಸ್ಟರುಗಳ ಪಠ್ಯಕ್ರಮವನ್ನು ಮುದ್ರಿಸಿಕೊಳ್ಳಿ. ಆಮೇಲೆ ಗ್ರಂಥಾಲಯಕ್ಕೆ ಹೋಗಿ ನಿಮ್ಮ ಜಿಲ್ಲೆಯ ಶಾಸನ ಸಂಪುಟ ಇದೆಯೇ ಎಂದು ಕೇಳಿ, ಇದ್ದರೆ ನಿಮ್ಮ ತಾಲ್ಲೂಕಿನ ಪುಟಗಳನ್ನು ತೆರೆದು ವಿದ್ಯಾರ್ಥಿಗಳು ಬರುವ ಹಳ್ಳಿಗಳ ಹೆಸರುಗಳನ್ನು ಗುರುತು ಹಾಕಿಕೊಳ್ಳುತ್ತ ಬನ್ನಿ.